ಕೊಡದ ತಂಪು, ಮೈಯ ಬೆವರು

ಸಗರನಾಡಿನ ಬೇಸಿಗೆಯನ್ನು ಹೊರಗಿನವರಿಗೆ ವಿವರಿಸಿ ಹೇಳುವುದು ಕಷ್ಟ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಈ ಎರಡು ತಿಂಗಳು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಪದ್ಧತಿ ಬಂದುದೂ ಈ ಬಿಸಿಲಿನ ಕಾರಣದಿಂದಲೇ. ಕಚೇರಿಗೆ ದೊರೆತ ಈ ರಿಯಾಯಿತಿ ಹೊಲದ ಕೂಲಿಗೆ, ಕಲ್ಲು ಒಡೆಯುವವರಿಗೆ ದೊರೆತಿಲ್ಲ. ಅಲ್ಲಿ ದುಡಿಯುವ ದೇಹವನ್ನು ಕಾಯುವುದು ಬೆವರು. ಅದು ಹೇಗೆ ಕಾಯುತ್ತದೆ, ಯಾವಾಗ ಕಾಯಲಾರದು ಎಂಬುದನ್ನು ತಿಳಿಯಬೇಕಾದರೆ ಅರವಟ್ಟಿಗೆಯ ಮಣ್ಣಿನ ಕೊಡದಿಂದಲೇ ಆರಂಭಿಸುವುದು ಸುಲಭ.

ಸುಟ್ಟ ಮಣ್ಣಿನ ಕೊಡದ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಒಳಗಿನ ನೀರು ಅವುಗಳ ಮೂಲಕ ಜಿನುಗಿ ಹೊರಮೈಗೆ ಬಂದು ಆವಿಯಾಗುತ್ತದೆ. ದ್ರವವು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಕೊಡದಿಂದಲೂ ಕೊಡದೊಳಗೆ ಉಳಿದ ನೀರಿನಿಂದಲೂ ಎಳೆದುಕೊಳ್ಳುತ್ತದೆ. ಹೋಗುವ ನೀರು ಸ್ವಲ್ಪವೇ ಆದರೂ ಅದು ಒಯ್ಯುವ ಶಾಖ ಬಹಳ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ 100 ಡಿಗ್ರಿಗೆ ತರಲು 70 ಕಿಲೊಕ್ಯಾಲರಿ ಶಾಖ ಸಾಕು. ಆದರೆ ಕುದಿಯುತ್ತಿರುವ ಅದೇ ನೀರನ್ನು ಪೂರ್ತಿ ಆವಿಯಾಗಿಸಲು ಸುಮಾರು 540 ಕಿಲೊಕ್ಯಾಲರಿ ಬೇಕು. ಈ ಶಾಖವೆಲ್ಲ ವ್ಯಯವಾದರೂ ಉಷ್ಣತಾಮಾಪಕದ ಪಾದರಸ ಮಾತ್ರ ಒಂದು ಗೆರೆಯೂ ಏರುವುದಿಲ್ಲ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವೈದ್ಯ ವಿಜ್ಞಾನಿ 1760ರ ದಶಕದಲ್ಲಿ ಇದನ್ನು ಅಳೆದು ತೋರಿಸಿದನು. ಹೀಗೆ ಅಡಗಿ ಕುಳಿತ ಶಾಖಕ್ಕೆ ಗುಪ್ತೋಷ್ಣವೆಂದು ಹೆಸರು. ಮಂಜುಗಡ್ಡೆ ಕರಗಿ ನೀರಾಗುವಾಗಲೂ ಹೀಗೆಯೇ, ಆದರೆ ಅಲ್ಲಿ ಕಿಲೊ ಒಂದಕ್ಕೆ 80 ಕಿಲೊಕ್ಯಾಲರಿ ಮಾತ್ರ.

ಆವಿಯು ಒಯ್ದ ಶಾಖ ಎಲ್ಲಿಯೂ ಕಳೆದುಹೋಗುವುದಿಲ್ಲ. ಆವಿ ಮತ್ತೆ ನೀರಾಗುವಾಗ ಅಷ್ಟನ್ನೂ ಮರಳಿ ಬಿಟ್ಟುಕೊಡುತ್ತದೆ. ದಾಸೋಹದ ಅಡುಗೆಮನೆಯಲ್ಲಿ ದುಡಿಯುವವರು ಇದನ್ನು ಅವಶ್ಯವಾಗಿ ತಿಳಿದಿರಬೇಕು. ದೊಡ್ಡ ಕೊಪ್ಪರಿಗೆಯ ಮುಚ್ಚಳ ತೆಗೆದಾಗ ಮುಖಕ್ಕೆ ರಾಚುವ ಹಬೆಯು ಚರ್ಮದ ಮೇಲೆ ನೀರಾಗಿ ಇಳಿಯುತ್ತ ತನ್ನೊಳಗಿನ ಗುಪ್ತೋಷ್ಣವನ್ನೆಲ್ಲ ಅಲ್ಲಿಯೇ ಸುರಿಯುತ್ತದೆ. ಆದ್ದರಿಂದಲೇ ಅಷ್ಟೇ ತೂಕದ ಕುದಿಯುವ ನೀರಿಗಿಂತ ಹಬೆಯ ಸುಟ್ಟಗಾಯ ಹೆಚ್ಚು ಆಳಕ್ಕೆ ಹೋಗುತ್ತದೆ. ಮುಚ್ಚಳವನ್ನು ತಮ್ಮ ಕಡೆಗಲ್ಲದೆ ಆಚೆ ಬದಿಗೆ ವಾಲಿಸಿ ತೆಗೆಯಬೇಕು.

ಇನ್ನು ದೇಹದ ಮಾತು. ಗಾಳಿಯು ಚರ್ಮಕ್ಕಿಂತ ಬಿಸಿಯಾದ ಮೇಲೆ ದೇಹದ ಶಾಖ ಹೊರಹೋಗಲು ಬೆವರು ಆರುವುದೊಂದೇ ದಾರಿ. ಒಂದು ಲೀಟರ್ ಬೆವರು ಮೈಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಹೊರಹೋಗುತ್ತದೆ. 60 ಕಿಲೊ ತೂಕದ ವ್ಯಕ್ತಿಯ ಒಡಲಲ್ಲಿ ಅಷ್ಟೂ ಶಾಖ ಉಳಿದರೆ ಮೈಯ ಉಷ್ಣತೆ ಹತ್ತು ಡಿಗ್ರಿಗೂ ಮಿಕ್ಕಿ ಏರಬೇಕಾಗುತ್ತದೆ. ಬಿಸಿಲಿನಲ್ಲಿ ಕಠಿಣವಾಗಿ ದುಡಿಯುವವರು ಒಂದು ತಾಸಿಗೆ ಒಂದು ಲೀಟರಿನಷ್ಟು ಬೆವರುವುದು ಅಸಾಧಾರಣವೇನಲ್ಲ. ನೆನಪಿಡಬೇಕಾದುದು ಇಷ್ಟು: ತಂಪು ನೀಡುವುದು ಆರಿದ ಬೆವರು, ನೆಲಕ್ಕೆ ತೊಟ್ಟಿಕ್ಕಿದ ಬೆವರಲ್ಲ.

ನಮ್ಮ ಒಣ ಬಿಸಿಲಿನಲ್ಲಿ ಬೆವರು ಬಂದಂತೆ ಆರಿಹೋಗುತ್ತದೆ. ಮೈ ತೋಯದಿದ್ದುದರಿಂದ ತಾನು ಹೆಚ್ಚು ಬೆವರಿಲ್ಲವೆಂದು ದುಡಿಯುವವನು ಭಾವಿಸುತ್ತಾನೆ, ನೀರನ್ನೂ ಕುಡಿಯುವುದಿಲ್ಲ. ಮಧ್ಯಾಹ್ನಕ್ಕೆ ತಲೆನೋವು, ಗಾಢ ಹಳದಿ ಮೂತ್ರ, ಕಾಲಿನ ಸೆಳೆತ ಕಾಣಿಸಿಕೊಳ್ಳುತ್ತವೆ. ಆದುದರಿಂದ ಇಲ್ಲಿ ಬಾಯಾರಿಕೆಗೆ ಕಾಯದೆ ನೀರು ಕುಡಿಯುತ್ತಿರಬೇಕು.

ತೇವದ ಗಾಳಿಯ ಅಪಾಯ ಬೇರೆ ಬಗೆಯದು. ಗಾಳಿಯಲ್ಲಿ ಆವಿ ತುಂಬಿರುವಾಗ ಬೆವರು ಆರದೆ ಹರಿಯುತ್ತದೆ, ನೀರೂ ಹೋಗುತ್ತದೆ, ಶಾಖವೂ ಒಳಗೇ ಉಳಿಯುತ್ತದೆ. ಇಲ್ಲಿಂದ ಮುಂಬಯಿಗೆ ಗುಳೆ ಹೋದವರು ಅಲ್ಲಿಯ 33 ಡಿಗ್ರಿ ನಮ್ಮೂರಿನ 41ಕ್ಕಿಂತ ಕಷ್ಟವೆನ್ನುವುದು ಸುಳ್ಳಲ್ಲ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯ ನೀರು ಬಂದ ಬಳಿಕ ಸುರಪುರ, ಶಹಾಪುರದ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾಗಿವೆ. ನೀರು ನಿಂತ ಗದ್ದೆಯ ಮೇಲಿನ ಗಾಳಿ ಒಣ ಎರೆಹೊಲದ ಗಾಳಿಯಂತಲ್ಲ. ಅಲ್ಲಿ ಬಾಗಿ ಕಳೆ ಕೀಳುವ ಮಹಿಳೆಯರಿಗೆ ಉಷ್ಣಾಂಶ ಕಡಿಮೆಯಿದ್ದ ದಿನವೂ ತಲೆ ಸುತ್ತುವುದುಂಟು. ಅಂಥವರನ್ನು ಸೋಮಾರಿಗಳೆಂದು ಗದರುವುದು ಅನ್ಯಾಯ.

ಗಾಳಿಯ ತೇವವನ್ನು ಅರಿಯಲು ಉಪಕರಣ ಬೇಕಿಲ್ಲ. ಫ್ರಿಜ್ಜಿನ ನೀರನ್ನು ಸ್ಟೀಲಿನ ಲೋಟಕ್ಕೆ ಹಾಕಿ ಇಡಿರಿ. ಹೊರಮೈಯಲ್ಲಿ ಮೂಡುವ ಹನಿಗಳು ಲೋಟ ಸೋರಿದ್ದಲ್ಲ, ಗಾಳಿಯ ಆವಿಯೇ ತಣಿದು ನೀರಾದದ್ದು. ಒಣ ಏಪ್ರಿಲ್‌ನಲ್ಲಿ ತೆಳ್ಳಗೆ ಮಸುಕು ಕಟ್ಟಿ ಬೇಗನೆ ಆರಿಹೋದೀತು. ಮುಂಗಾರು ಬಂದ ಮೇಲೆ ಹನಿಗಳು ಇಳಿದು ಲೋಟದ ಬುಡದಲ್ಲಿ ನೀರು ನಿಲ್ಲುತ್ತದೆ. ಲೋಟ ಹೀಗೆ ಧಾರಾಳವಾಗಿ ಬೆವರುವ ದಿನ ಮನುಷ್ಯನ ಬೆವರು ಆರುವುದು ಕಷ್ಟ. ಮಣ್ಣಿನ ಕೊಡವೂ ಅಂದು ನೀರನ್ನು ಅಷ್ಟಾಗಿ ತಣಿಸದು, ಕೂಲರೂ ಬರಿಯ ತೇವದ ಗಾಳಿ ಬೀಸುತ್ತದೆ. ಅಂಥ ದಿನ ಕೂಲರ್ ಹಾಕುವುದಾದರೆ ಕಿಟಕಿ ತೆರೆದಿಡಬೇಕು.

ಬಿಸಿಲು ಬಡಿದವನ ಮಾತು ತೊದಲಿದರೆ, ಅರಿವು ತಪ್ಪಿದರೆ, ಮೈ ಕಾದ ಹಂಚಿನಂತಾದರೆ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಕೈಕಟ್ಟಿ ನಿಲ್ಲದೆ ಕೊಡದ ತಂತ್ರವನ್ನೇ ಬಳಸಬೇಕು. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಬಿಡದೆ ಗಾಳಿ ಹಾಕಬೇಕು. ಒಣ ಮೈಗೆ ಬಿಸಿಗಾಳಿ ಬೀಸಿದರೆ ಪ್ರಯೋಜನವಿಲ್ಲ, ಮೈ ತೋಯ್ದಿರಲೇಬೇಕು. ಗಾಳಿ ತೇವವಾಗಿದ್ದರೆ ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಬಟ್ಟೆ ಸುತ್ತಿದ ಮಂಜುಗಡ್ಡೆಯನ್ನೂ ಇಡಬೇಕು. ಅರಿವಿಲ್ಲದವನ ಬಾಯಿಗೆ ನೀರು ಹಾಕಲೇಬಾರದು.

ನೀರು ಆವಿಯಾಗುವಾಗ ಶಾಖವನ್ನು ಒಯ್ಯುತ್ತದೆ, ಆದರೆ ತನ್ನಲ್ಲಿ ಕರಗಿದ್ದ ಲವಣವನ್ನು ಹಿಂದೆಯೇ ಬಿಟ್ಟುಹೋಗುತ್ತದೆ. ದುಡಿದು ಬಂದವರ ಅಂಗಿಯ ಬೆನ್ನಿನ ಮೇಲಿನ ಬಿಳಿಯ ಗೆರೆಗಳು ಬೆವರಿನ ಉಪ್ಪು. ದೀರ್ಘಕಾಲ ಬೆವರಿದವರಿಗೆ ಬರಿಯ ನೀರು ಸಾಲದು, ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿ ಬೇಕು. ಬಳಲಿಕೆ ಹೆಚ್ಚಿದ್ದರೆ ಆರೋಗ್ಯ ಕೇಂದ್ರದ ಓಆರ್‌ಎಸ್ ಪುಡಿಯನ್ನು ಬಳಸಬಹುದು. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕರಗಿಸಬೇಕು. ಉಪ್ಪು ಹೆಚ್ಚಾದರೆ ಹಾನಿ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆಯುಳ್ಳವರು ಮೊದಲೇ ವೈದ್ಯರನ್ನು ಕೇಳಿಕೊಂಡಿರುವುದು ಲೇಸು.

ಹಳೆಯ ಕೊಡದ ಹೊರಮೈಗೆ ಹತ್ತುವ ಬಿಳಿಯ ಪುಡಿಯೂ ಇಂಥದೇ ಲವಣ. ಅದು ರಂಧ್ರಗಳನ್ನು ಮುಚ್ಚುವುದರಿಂದ ಕೊಡ ವರ್ಷದಿಂದ ವರ್ಷಕ್ಕೆ ತಂಪು ಕಳೆದುಕೊಳ್ಳುತ್ತದೆ. ತೆಂಗಿನ ನಾರಿನಿಂದ ಉಜ್ಜಿದರೆ ಒಂದಿಷ್ಟು ಸರಿಯಾಗುತ್ತದೆ. ಕಾಲುವೆ ನೀರು ಅತಿಯಾಗಿ ನಿಂತ ಹೊಲ ಸವಳು-ಜವಳಾಗುವುದರ ಹಿಂದೆಯೂ ಇದೇ ಕಾರಣವಿದೆ.

ಕುಡಿಯುವ ನೀರಿನ ವಿಷಯದಲ್ಲಿ ಇದು ಬಹಳ ಮುಖ್ಯ. ನೀರು ಕುದಿಸಿದರೆ ಎಲ್ಲ ದೋಷವೂ ಹೋಗುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕುದಿಸಿದರೆ ರೋಗಾಣುಗಳು ಸಾಯುವುದು ನಿಜ. ಫ್ಲೋರೈಡ್, ಆರ್ಸೆನಿಕ್‌ಗಳು ಸಾಯುವ ವಸ್ತುಗಳಲ್ಲ, ಆವಿಯಾಗಿ ಹೋಗುವವೂ ಅಲ್ಲ. ಎರಡು ಲೀಟರ್ ನೀರು ಕುದಿದು ಒಂದೂವರೆ ಲೀಟರ್ ಆದರೆ ಅಷ್ಟೇ ಫ್ಲೋರೈಡ್ ಕಡಿಮೆ ನೀರಿನಲ್ಲಿ ಉಳಿದು ಅದರ ಸಾಂದ್ರತೆ ಮೂರನೆಯ ಒಂದು ಭಾಗದಷ್ಟು ಏರುತ್ತದೆ. ನಮ್ಮ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಪತ್ತೆಯಾದುದನ್ನು ಓದುಗರು ಮರೆತಿರಲಾರರು. ಭಾರತೀಯ ಮಾನಕದಂತೆ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಾಗ 1.5ರವರೆಗೆ ಸಹ್ಯ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಾದಲ್ಲಿ ದೊಡ್ಡವರ ಕೀಲು, ಬೆನ್ನು ಬಿಗಿಯುತ್ತವೆ. ಗ್ರಾಮ ಪಂಚಾಯತಿಯ ಮೂಲಕ ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸದೆ ಇದನ್ನು ತಿಳಿಯುವ ಉಪಾಯವಿಲ್ಲ, ಏಕೆಂದರೆ ಇವೆರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ.

ಅಂಥ ಊರುಗಳಲ್ಲಿ ಮಾಳಿಗೆಯ ಮಳೆನೀರನ್ನು ಹಿಡಿದಿಡುವುದು ಒಳ್ಳೆಯ ಮಾರ್ಗ. ಮಳೆಯೆಂಬುದು ಸೂರ್ಯನೇ ಕಾಸಿ, ಆವಿಯಾಗಿಸಿ, ಮೇಲೆ ತಣಿಸಿ ಕೊಟ್ಟ ನೀರು. ಸಮುದ್ರದ ಉಪ್ಪು ಸಮುದ್ರದಲ್ಲಿಯೇ ಉಳಿದಂತೆ ನೆಲದ ಫ್ಲೋರೈಡೂ ನೆಲದಲ್ಲಿಯೇ ಉಳಿದಿರುತ್ತದೆ. ಮೊದಲ ಒಂದೆರಡು ಮಳೆಯ ನೀರನ್ನು ಮಾಳಿಗೆ ತೊಳೆಯಲು ಬಿಟ್ಟು, ಅನಂತರದ್ದನ್ನು ಶೋಧಿಸಿ, ಸೊಳ್ಳೆ ಹೋಗದಂತೆ ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸಬೇಕು. ಈ ನೀರನ್ನು ಕುಡಿಯುವ ಮುನ್ನ ಧೈರ್ಯವಾಗಿ ಕುದಿಸಬಹುದು.