ಏರಿ ಮೇಲಿನ ಜಿಗಿತ ಬ್ಲಾಕ್ ಮೇಲೆ ನಡೆಯುತ್ತದೆಯೇ?

ತಾಳಗುಂದದ ಪ್ರಣವೇಶ್ವರ ದೇಗುಲದ ಮುಂದಿನ ಕಂಬದ ಶಾಸನ ಕದಂಬರ ಕಾಕುತ್ಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಶಿಕಾರಿಪುರದ ಸೀಮೆಯಲ್ಲಿ ಕೆರೆಗೆ ಒಂದೂವರೆ ಸಾವಿರ ವರ್ಷದ ಹಳೆತನವಿದೆ. ಪಕ್ಕದ ಸೊರಬಕ್ಕೂ ಕೆರೆಗಳಿಗೇನೂ ಬರವಿಲ್ಲ. ಇಲ್ಲಿ ಬೆಳೆದ ಎಷ್ಟೋ ಮಂದಿಗೆ ಈಜಿನ ಗುರು ಎಂದರೆ ಬೆನ್ನಿಗೆ ಕಟ್ಟಿದ ಸೋರೆಬುರುಡೆ, ಆಮೇಲಿನ ಕಾಲದಲ್ಲಿ ಪ್ಲಾಸ್ಟಿಕ್ ಕ್ಯಾನು, ಜೊತೆಗೆ ದಡದಲ್ಲಿ ನಿಂತು ಬೈಯುವ ಯಾರೋ ಒಬ್ಬ ದೊಡ್ಡಪ್ಪ.

ಅಂಥವರು ನಲವತ್ತು ದಾಟಿದ ಮೇಲೆ ಮಾಸ್ಟರ್ಸ್ ಸ್ಪರ್ಧೆಗೆ ಹೆಸರು ಕೊಟ್ಟರೆ ದಮ್ಮಿಗೇನೂ ಕೊರತೆಯಾಗದು. ತೊಡಕು ಶುರುವಾಗುವುದು ಕೊಳದಂಚಿನಲ್ಲಿ ಹಾರಲೆಂದೇ ಇರುವ ಕಟ್ಟೆ, ಅಂದರೆ ಬ್ಲಾಕ್ ಹತ್ತಿದಾಗ. ಅಂತರರಾಷ್ಟ್ರೀಯ ನಿಯಮದಂತೆ 25 ತುಂಬಿದವರೆಲ್ಲ ಮಾಸ್ಟರ್ಸ್. ಐದೈದು ವರ್ಷಕ್ಕೊಂದು ಗುಂಪು. 2023ರ ನವೆಂಬರ್‌ನಲ್ಲಿ ಮಂಗಳೂರಿನ ಎಮ್ಮೆಕೆರೆಯ ಹೊಸ ಕೊಳದಲ್ಲೇ ರಾಷ್ಟ್ರೀಯ ಮಾಸ್ಟರ್ಸ್ ಕೂಟ ನಡೆಯಿತು.

ಕೆರೆಗೆ ಹಾರುವವನು ತಲೆ ಎತ್ತಿ, ಎದೆ ಚಾಚಿ ಹಾರುತ್ತಾನೆ. ಕೆಳಗೆ ಹೂಳೋ ಮರದ ಬೊಡ್ಡೆಯೋ ಗೊತ್ತಿಲ್ಲದ ನೀರಿನಲ್ಲಿ ಅದು ಜಾಣತನವೇ. ಕೊಳದಲ್ಲಿ ಮಾತ್ರ ಅದು ದುಬಾರಿ. ಬ್ಲಾಕ್ ಬಿಟ್ಟ ದೇಹ ನೀರು ಹೊಗುವ ಹೊತ್ತಿಗೆ ಇರುವ ವೇಗ ಆಮೇಲೆ ಎಷ್ಟು ಕೈಕಾಲು ಬಡಿದರೂ ಬರುವುದಿಲ್ಲ. ಹೊಟ್ಟೆ ಬಡಿದರೆ ಆ ವೇಗವೆಲ್ಲ ಅಲ್ಲೇ ಖರ್ಚು. ಕೈಬೆರಳು ಸೀಳಿದ ಜಾಗದಲ್ಲೇ ತಲೆ, ಸೊಂಟ, ಕಾಲು ಎಲ್ಲ ತೂರಬೇಕು, ಸೂಜಿಯ ಹಿಂದೆ ದಾರ ಹೋದ ಹಾಗೆ.

ಹಾರುವ ಬಗೆ ಮುಖ್ಯವಾಗಿ ಎರಡು. ಗ್ರ್ಯಾಬ್ ಸ್ಟಾರ್ಟ್‌ನಲ್ಲಿ ಎರಡೂ ಪಾದಗಳ ಬೆರಳು ಬ್ಲಾಕಿನ ಅಂಚನ್ನು ಕಚ್ಚಿರುತ್ತವೆ, ಕೈಗಳು ಅಂಚನ್ನು ಹಿಡಿದಿರುತ್ತವೆ, ಎರಡು ಕಾಲೂ ಒಟ್ಟಿಗೆ ಒದೆಯುತ್ತವೆ. ಅಮೆರಿಕದ ಕೋಚ್ ಎರಿಕ್ ಹನಾವರ್ 1960ರ ದಶಕದ ಕೊನೆಯಲ್ಲಿ ಇದನ್ನು ಚಾಲ್ತಿಗೆ ತಂದರು. ಅದಕ್ಕೂ ಮುಂಚೆ ಕೈಯನ್ನು ಹಿಂದಕ್ಕೆ ಬೀಸಿ ಹಾರುತ್ತಿದ್ದರು. ಟ್ರ್ಯಾಕ್ ಸ್ಟಾರ್ಟ್‌ನಲ್ಲಿ ಓಟಗಾರನಂತೆ ಒಂದು ಕಾಲು ಹಿಂದೆ. 2009–10ರ ಸುಮಾರಿಗೆ ಹಿಂಗಾಲಿಗೆ ಇಳಿಜಾರಿನ ಹಲಗೆ ಇರುವ ಬ್ಲಾಕ್ ಬಂದ ಮೇಲೆ ದೊಡ್ಡ ಕೂಟಗಳಲ್ಲಿ ಗ್ರ್ಯಾಬ್ ಹೆಚ್ಚುಕಡಿಮೆ ಮಾಯವಾಯಿತು.

ಹಾಗೆಂದು ಕಣ್ಣುಮುಚ್ಚಿ ನಕಲು ಮಾಡಬೇಕಿಲ್ಲ. ಹಲಗೆಯಿಲ್ಲದ ಹಳೆಯ ಸಪಾಟು ಬ್ಲಾಕಿನಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ: ಟ್ರ್ಯಾಕ್‌ನವನು ಬೇಗ ಬಿಡುತ್ತಾನೆ, ಗ್ರ್ಯಾಬ್‌ನವನು ತುಸು ದೂರ ಹಾರುತ್ತಾನೆ. ಆದರೂ ವಯಸ್ಕರಿಗೆ ನನ್ನ ಓಟು ಟ್ರ್ಯಾಕ್‌ಗೇ, ಕಾರಣ ಸಮತೋಲ. ಗ್ರ್ಯಾಬ್‌ನಲ್ಲಿ ಮೈಭಾರವೆಲ್ಲ ಕಾಲ್ಬೆರಳ ಮೇಲೆ. ತುಸು ಅಲುಗಿದರೂ ಮುಗ್ಗರಿಸಿ ನೀರಿಗೆ. ಸಂಕೇತಕ್ಕೆ ಮೊದಲೇ ಹೊರಟವನಿಗೆ ಈಗಿನ ನಿಯಮದಲ್ಲಿ ಎರಡನೇ ಅವಕಾಶವಿಲ್ಲ.

ಯಾವ ಕಾಲು ಮುಂದೆ? ಎರಡನ್ನೂ ಹಾಕಿ ನೋಡಿ, ಸ್ಟಾಪ್‌ವಾಚ್ ತೀರ್ಮಾನಿಸಲಿ. ನೀರು ಮುಟ್ಟುವವರೆಗಿನ ಹೊತ್ತನ್ನಷ್ಟೇ ಅಳೆದರೆ ಮೋಸ ಹೋಗುತ್ತೀರಿ. ಹತ್ತು ಮೀಟರ್ ದಾಟುವವರೆಗೆ ಅಳೆಯಿರಿ.

ಮೂರನೆಯ ದಾರಿಯೂ ಉಂಟು, ಅದರ ಬಗ್ಗೆ ಮಾತಾಡುವವರು ಕಡಿಮೆ. ಮಾಸ್ಟರ್ಸ್ ನಿಯಮ ಬ್ಲಾಕ್ ಹತ್ತಲೇಬೇಕು ಎನ್ನುವುದಿಲ್ಲ. ಕೊಳದ ದಂಡೆಯಿಂದಲೂ ಹಾರಬಹುದು, ನೀರಿಗಿಳಿದು ಒಂದು ಕೈಯಲ್ಲಿ ಗೋಡೆ ಹಿಡಿದು ಒದ್ದೂ ಹೊರಡಬಹುದು. ಮಂಡಿ, ಸೊಂಟ ನೋವಿರುವವರು ಇದನ್ನು ಅವಮಾನ ಎಂದುಕೊಳ್ಳುವುದು ಯಾವ ಪುರುಷಾರ್ಥಕ್ಕೆ? 50 ಮೀಟರ್‌ನಲ್ಲಿ ನಷ್ಟ ಖಂಡಿತ. 400, 800 ಮೀಟರ್‌ನಲ್ಲಿ ಆ ನಷ್ಟ ಲೆಕ್ಕಕ್ಕೆ ಬರುವಷ್ಟಿರದು.

ಅಭ್ಯಾಸ ಮಾತ್ರ ಕೆರೆಯಲ್ಲಿ ಬೇಡ. ಬ್ಲಾಕ್ ಇರುವ ಕೊಳಕ್ಕೆ ಕನಿಷ್ಠ 1.35 ಮೀಟರ್ ಆಳವನ್ನು ನಿಯಮವೇ ಕೇಳುತ್ತದೆ. ಬೇಸಿಗೆಯಲ್ಲಿ ಅಂಜನಾಪುರ ಜಲಾಶಯದ ನೀರು ಇಳಿಯುವಾಗ ಹಿಂದಿನ ವಾರದ ಆಳ ಈ ವಾರ ಇರುವುದಿಲ್ಲ. ತಲೆಮುಂದಾಗಿ ಹಾರಿ ತಳಕ್ಕೆ ಬಡಿದರೆ ಹೋಗುವುದು ಕತ್ತಿನ ಮೂಳೆ. ಲಾಡ್ಜ್, ರೆಸಾರ್ಟ್‌ಗಳ ಎದೆಮಟ್ಟದ ಕೊಳಗಳಿಗೂ ಇದೇ ಮಾತು. ಆಳದ ಕೊಳ ಸಿಕ್ಕಾಗ ದಂಡೆಯಲ್ಲಿ ಕೂತು ಜಾರುವುದರಿಂದ ತೊಡಗಿ, ಮಂಡಿಯೂರಿ, ನಿಂತು, ಕೊನೆಗೆ ಬ್ಲಾಕ್ ಹತ್ತಿ.

ಏರಿಯಿಂದ ಹಾರಿ ಬೆಳೆದವರು ಮೊದಲ ದಿನ ಕಳೆದುಕೊಳ್ಳುವುದು ಗಾಗಲ್ಸ್. ತಲೆ ಎತ್ತಿದವನ ಕಣ್ಣಿಂದ ನೀರು ಅದನ್ನು ಕಿತ್ತು ಕೊರಳಿಗೆ ಇಳಿಸುತ್ತದೆ. ಪಟ್ಟಿ ಬಿಗಿ ಮಾಡಿ ಪ್ರಯೋಜನವಿಲ್ಲ; ನೀರು ಮುಟ್ಟುವ ಮೊದಲು ಗದ್ದ ಎದೆಯತ್ತ ಬಂದಿರಬೇಕು, ತೋಳುಗಳು ಕಿವಿಯನ್ನು ಒತ್ತಿರಬೇಕು.