ಹಾಸ್ಟೆಲ್ ಮೀಟರ್ ಓದುವವರು ಯಾರು?

ಹಾಸ್ಟೆಲಿನಲ್ಲಿ ಇರುವವರ ಕೈಗೆ ಕರೆಂಟ್ ಬಿಲ್ ಬರುವುದಿಲ್ಲ. ಬಿಲ್ ಕಟ್ಟುವ ಕಚೇರಿಗೆ ಯಾವ ಕೋಣೆಯ ದೀಪ ಹಗಲೆಲ್ಲ ಉರಿಯುತ್ತಿದೆ ಎಂಬುದು ತಿಳಿಯುವುದಿಲ್ಲ. ಬಳಸುವವರು ಒಬ್ಬರು, ಲೆಕ್ಕ ನೋಡುವವರು ಇನ್ನೊಬ್ಬರು. ವಿಶ್ವವಿದ್ಯಾಲಯಗಳಲ್ಲಿ ವಿದ್ಯುತ್ ಪೋಲಾಗಲು ಇದೇ ದೊಡ್ಡ ಕಾರಣವೆಂದು ನನಗನ್ನಿಸುತ್ತದೆ. ಬಳಸುವವರ ಕಣ್ಣಿಗೇ ಲೆಕ್ಕ ಬಿದ್ದರೆ ಏನಾಗಬಹುದು? ಅಮೆರಿಕದ ಓಹಾಯೊ ರಾಜ್ಯದ ಓಬರ್ಲಿನ್ ಕಾಲೇಜಿನವರು ಇದನ್ನು ಅಳೆದೇ ನೋಡಿದರು.

ಅಲ್ಲಿನ ಅಧ್ಯಾಪಕ ಜಾನ್ ಪೀಟರ್ಸನ್ ಮತ್ತು ಅವರ ವಿದ್ಯಾರ್ಥಿಗಳು ಸೇರಿ ಎರಡು ಹಾಸ್ಟೆಲುಗಳಿಗೆ ವಿಶೇಷ ಮಾಪಕಗಳನ್ನು ಜೋಡಿಸಿದರು. ಆ ಕ್ಷಣದಲ್ಲಿ ಕಟ್ಟಡ ಎಷ್ಟು ವಿದ್ಯುತ್ ಎಳೆಯುತ್ತಿದೆ ಎಂಬುದು ಅಲ್ಲಿನ ವಿದ್ಯಾರ್ಥಿಗಳ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಉಳಿದ 20 ಹಾಸ್ಟೆಲುಗಳಲ್ಲಿ ಕೈಯಿಂದಲೇ ಮೀಟರ್ ಓದಿ ವಾರಕ್ಕೊಮ್ಮೆ ಲೆಕ್ಕ ತಿಳಿಸಿದರು. ಜೊತೆಗೆ ಎರಡು ವಾರ ಹಾಸ್ಟೆಲುಗಳ ನಡುವೆ ಉಳಿತಾಯದ ಸ್ಪರ್ಧೆ ಏರ್ಪಡಿಸಿದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಒಟ್ಟು ಬಳಕೆ ಶೇ. 32ರಷ್ಟು ಇಳಿಯಿತು. ಉಳಿದದ್ದು 68,300 ಯೂನಿಟ್, ಹಣದಲ್ಲಿ 5,107 ಡಾಲರ್. ವಾತಾವರಣ ಸೇರದೆ ಹೋದ ಇಂಗಾಲದ ಡೈಆಕ್ಸೈಡ್ ಸುಮಾರು 67 ಟನ್. ಅಂದರೆ ಒಂದು ಯೂನಿಟ್ ಉಳಿಸಿದರೆ ಹೆಚ್ಚೂಕಡಿಮೆ ಒಂದು ಕಿಲೋ ಅನಿಲ ಉಳಿಸಿದ ಹಾಗೆ. ಆಗ ಓಹಾಯೊದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುತ್ತಿತ್ತು.

ವಾರಕ್ಕೊಮ್ಮೆ ಲೆಕ್ಕ ಸಿಕ್ಕ ಹಾಸ್ಟೆಲುಗಳು ಶೇ. 31ರಷ್ಟು ಉಳಿಸಿದರೆ, ಕ್ಷಣಕ್ಷಣದ ಲೆಕ್ಕ ಕಂಡ ಎರಡು ಹಾಸ್ಟೆಲುಗಳು ಶೇ. 55ರಷ್ಟು ಉಳಿಸಿದವು. ಎರಡೇ ಹಾಸ್ಟೆಲುಗಳ ಅಂಕಿಯಾದ್ದರಿಂದ ಇದನ್ನು ಎಲ್ಲ ಕಡೆಗೂ ಹಿಗ್ಗಿಸಬಾರದು. ಆದರೂ ಇದರ ಹಿಂದಿನ ತರ್ಕ ಗಟ್ಟಿಯಾಗಿದೆ. ಸ್ವಿಚ್ ಆರಿಸಿದ ಕೂಡಲೇ ಅಂಕಿ ಇಳಿದರೆ ಯಾವ ಉಪಕರಣ ಎಷ್ಟು ತಿನ್ನುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ವಾರ ಕಳೆದ ಮೇಲೆ ಬರುವ ಅಂಕಿಯಲ್ಲಿ ಫ್ರಿಜ್ಜು, ದೀಪ, ಕಂಪ್ಯೂಟರು ಎಲ್ಲವೂ ಕಲಸಿಹೋಗಿರುತ್ತವೆ.

ಅದೇ ಸ್ಪರ್ಧೆಯಲ್ಲಿ ನೀರಿನ ಬಳಕೆ ಇಳಿದದ್ದು ಶೇ. 3 ಮಾತ್ರ. ನನಗೆ ತೋಚುವ ಕಾರಣ ಇದು: ನಲ್ಲಿ ತೆರೆಯುವವರು ಅಗತ್ಯವಿದ್ದಾಗ ತೆರೆದು ಕೆಲಸ ಮುಗಿದೊಡನೆ ಮುಚ್ಚುತ್ತಾರೆ. ವಿದ್ಯುತ್ತಾದರೆ ಯಾರೂ ಇಲ್ಲದ ಕೋಣೆಯಲ್ಲೂ, ಯಾರೂ ನೋಡದ ಪರದೆಯಲ್ಲೂ ಸದ್ದಿಲ್ಲದೆ ಹರಿಯುತ್ತಿರುತ್ತದೆ. ಯಾರಿಗೂ ತೊಂದರೆಯಾಗದಂತೆ ನಿಲ್ಲಿಸಬಹುದಾದ ಪೋಲು ಅಲ್ಲಿ ಹೆಚ್ಚು.

ಹಾಸ್ಟೆಲಿಗಿಂತಲೂ ದೊಡ್ಡ ಪೋಲು ರಸಾಯನ ಪ್ರಯೋಗಾಲಯದಲ್ಲಿದೆ. ವಿಷಾನಿಲವನ್ನು ಹೊರಗೆಳೆಯಲು ಅಲ್ಲಿ ಫ್ಯೂಮ್ ಹುಡ್ ಎಂಬ ಕಪಾಟು ಇರುತ್ತದೆ. ಮುಂದೆ ಮೇಲೆ ಕೆಳಗೆ ಜಾರುವ ಗಾಜು, ಮೇಲೆ ಕೊಳವೆ, ಚಾವಣಿಯ ಮೇಲೆ ದೊಡ್ಡ ಫ್ಯಾನು. ಕೋಣೆಯೊಳಗೆ ಹಣ ಸುರಿದು ತಂಪು ಮಾಡಿದ ಅಥವಾ ಬಿಸಿ ಮಾಡಿದ ಗಾಳಿಯನ್ನು ಅದು ಹಗಲಿರುಳು ಹೊರಗೆಸೆಯುತ್ತದೆ. ಅಷ್ಟೇ ಹೊಸ ಗಾಳಿಯನ್ನು ಮತ್ತೆ ಹದಗೊಳಿಸಬೇಕು. ಕಿಟಕಿ ತೆರೆದಿಟ್ಟು ಎ.ಸಿ. ಹಾಕಿದಂತೆಯೇ ಇದು. ಒಂದು ಹುಡ್ ಅಮೆರಿಕದ ಮೂರೂವರೆ ಮನೆಗಳಷ್ಟು ಶಕ್ತಿಯನ್ನು ಬಳಸುತ್ತದೆ ಎಂಬುದು ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಅಂದಾಜು.

ಗಾಜನ್ನು ಕೆಳಗಿಳಿಸಿದರೆ ಒಳಗೆ ಎಳೆಯಬೇಕಾದ ಗಾಳಿ ಕಡಿಮೆಯಾಗುತ್ತದೆ. ಅದಕ್ಕೆ ತಕ್ಕಂತೆ ಫ್ಯಾನಿನ ವೇಗವೂ ತಗ್ಗುವ ವ್ಯವಸ್ಥೆಯಿದ್ದರೆ ಲಾಭ ದೊಡ್ಡದು. ಫ್ಯಾನಿಗೆ ಬೇಕಾಗುವ ವಿದ್ಯುತ್ತು ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ ಶೇ. 80ಕ್ಕೆ ಇಳಿದರೆ 0.8ನ್ನು ಮೂರು ಸಲ ಗುಣಿಸಿ ನೋಡಿ: 0.51. ಐದರಲ್ಲೊಂದು ಭಾಗ ವೇಗ ಬಿಟ್ಟುಕೊಟ್ಟರೆ ವಿದ್ಯುತ್ತು ಅರ್ಧಕ್ಕೆ ಬರುತ್ತದೆ! ಹಳೆಯ ಹುಡ್‌ಗಳಲ್ಲಿ ಫ್ಯಾನು ಒಂದೇ ವೇಗದಲ್ಲಿ ತಿರುಗುವುದರಿಂದ ಗಾಜು ಮುಚ್ಚಿದರೂ ಈ ಉಳಿತಾಯ ಸಿಗದು. ಹಾಗಾಗಿ ಗಾಜು ಮುಚ್ಚಿಸುವ ಅಭಿಯಾನಕ್ಕೆ ಮುನ್ನ ಯಂತ್ರ ಯಾವುದೆಂದು ತಿಳಿದುಕೊಳ್ಳುವುದು ಮುಖ್ಯ.

ಅಮೆರಿಕದ ಎಂ.ಐ.ಟಿ.ಯ ರಸಾಯನ ವಿಭಾಗದಲ್ಲಿ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಸೇರಿ ಇಂಥ ಅಭಿಯಾನ ನಡೆಸಿದರು. ಗಾಜು ಎಷ್ಟು ತೆರೆದಿದೆ ಎಂಬ ಲೆಕ್ಕವನ್ನು ಬಳಸುವವರಿಗೇ ತಿಳಿಸಿದರು. ಗಾಜಿನ ಸರಾಸರಿ ಎತ್ತರ ಶೇ. 26ರಷ್ಟು ಇಳಿಯಿತು, ವರ್ಷಕ್ಕೆ ಸುಮಾರು 41,000 ಡಾಲರ್ ಉಳಿತಾಯದ ಅಂದಾಜು ಸಿಕ್ಕಿತು. ಹೊಸ ಯಂತ್ರಕ್ಕೆ ಕಾಸು ಖರ್ಚಿಲ್ಲ. ಗಾಜು ಕೆಳಗಿದ್ದಷ್ಟೂ ಸಿಡಿತದಿಂದ ಮುಖಕ್ಕೆ ರಕ್ಷಣೆ ಬೇರೆ.

ಅಭ್ಯಾಸಕ್ಕೂ ಒಂದು ಮಿತಿಯಿದೆ. ಸ್ಪರ್ಧೆಯ ಹುರುಪಿನಲ್ಲಿ ಎರಡು ವಾರ ಕತ್ತಲಲ್ಲಿ ಕೂರಬಹುದು, ವರ್ಷವಿಡೀ ಆಗದು. ಮೇಲಾಗಿ ಪ್ರತಿ ವರ್ಷ ಹೊಸ ತಂಡ ಬರುತ್ತದೆ. ಉಪಕರಣ ಬದಲಿಸಿದರೆ ಉಳಿತಾಯ ಯಾರ ನೆನಪನ್ನೂ ನೆಚ್ಚಿಕೊಳ್ಳಬೇಕಿಲ್ಲ. ಅದಕ್ಕೆ ದುಡ್ಡು ಬೇಕು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2007ರಲ್ಲಿ ಮತ ಹಾಕಿ, ಸೆಮಿಸ್ಟರಿಗೆ 5 ಡಾಲರ್ ಶುಲ್ಕವನ್ನು ತಮ್ಮ ಮೇಲೆ ತಾವೇ ಹಾಕಿಕೊಂಡು ಹಸಿರು ಕೆಲಸಗಳಿಗೆ ನಿಧಿ ಕಟ್ಟಿದರು. ಈ ಒಂದು ನಿರ್ಧಾರದ ಮೇಲೆ ನನಗೆ ಬಹಳ ಗೌರವವಿದೆ.

ನಮ್ಮ ಹಾಸ್ಟೆಲುಗಳಲ್ಲಿ ಮೊದಲು ನೋಡಬೇಕಾದದ್ದು ಸೀಲಿಂಗ್ ಫ್ಯಾನನ್ನು. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ಅದರ ಮೋಟರಿನಲ್ಲಿ ತಿರುಗುವ ಭಾಗದೊಳಗೂ ವಿದ್ಯುತ್ ಪ್ರವಾಹ ಹುಟ್ಟಬೇಕು, ಅದರಲ್ಲೊಂದಿಷ್ಟು ಶಾಖವಾಗಿ ಹೋಗುತ್ತದೆ. ಬಿ.ಎಲ್.ಡಿ.ಸಿ. ಎಂಬ ಹೊಸ ಬಗೆಯ ಫ್ಯಾನಿನಲ್ಲಿ ಆ ಜಾಗದಲ್ಲಿ ಕಾಯಂ ಅಯಸ್ಕಾಂತ ಇರುವುದರಿಂದ ಆ ನಷ್ಟವಿಲ್ಲ. 30 ವ್ಯಾಟ್ ಆಸುಪಾಸಿನಲ್ಲೇ ಅಷ್ಟೇ ಗಾಳಿ. ಉಳಿಯುವುದು 45 ವ್ಯಾಟ್. ದಿನಕ್ಕೆ 12 ಗಂಟೆಯಂತೆ ವರ್ಷದಲ್ಲಿ 300 ದಿನ ತಿರುಗಿದರೆ ಫ್ಯಾನಿಗೆ 162 ಯೂನಿಟ್ ಉಳಿತಾಯ. 500 ಫ್ಯಾನುಗಳಿಗೆ ವರ್ಷಕ್ಕೆ 81,000 ಯೂನಿಟ್. ಓಬರ್ಲಿನ್ನಿನ ಎರಡು ವಾರದ ಇಡೀ ಸ್ಪರ್ಧೆಯಲ್ಲಿ ಉಳಿದದ್ದಕ್ಕಿಂತ ಹೆಚ್ಚು, ಅದೂ ಯಾರೂ ಬೆವರದೆ.

ಆದರೆ ಈ ಲೆಕ್ಕ ತೋರಿಸದೆ ಯಾವ ಆಡಳಿತವೂ ಫ್ಯಾನಿಗೆ ದುಡ್ಡು ಬಿಡುಗಡೆ ಮಾಡುವುದಿಲ್ಲ. ಹಾಸ್ಟೆಲಿನಲ್ಲಿರುವ ಗೆಳೆಯರೇ, ವಾರ್ಡನ್ ಒಪ್ಪಿಗೆ ಪಡೆದು ರಾತ್ರಿ 11ಕ್ಕೆ ಒಮ್ಮೆ, ಬೆಳಿಗ್ಗೆ 5ಕ್ಕೆ ಒಮ್ಮೆ ಮೀಟರ್ ಓದಿ. ಎಲ್ಲರೂ ಮಲಗಿದ್ದಾಗ ಎಷ್ಟು ಯೂನಿಟ್ ಹೋಯಿತು, ಅದರಲ್ಲಿ ಫ್ಯಾನಿನ ಪಾಲೆಷ್ಟು, ಖಾಲಿ ಕಾರಿಡಾರಿನ ಪಾಲೆಷ್ಟು ಎಂದು ಬರೆದು ಮೆಸ್ಸಿನ ನೋಟಿಸ್ ಬೋರ್ಡಿಗೆ ಅಂಟಿಸಿ. ಒಂದು ಪ್ರತಿಯನ್ನು ಕುಲಸಚಿವರಿಗೂ ಕಳಿಸಿ.