ಬಂಜರು ನೆಲಕ್ಕೆ ಬಂದ ಬೆಲೆ: ಇಂಗ್ಲೆಂಡಿನ ಸರ್ರೆ ಕೌಂಟಿಯ ಗಾಲ್ಫ್ ಮೈದಾನಗಳು

ಲಂಡನ್ನಿನ ನೈಋತ್ಯಕ್ಕೆ ಹೊಂದಿಕೊಂಡಿರುವ ಸರ್ರೆ ಕೌಂಟಿಯು ಇಂದು ಇಂಗ್ಲೆಂಡಿನ ಅತ್ಯಂತ ಸಿರಿವಂತ ಪ್ರದೇಶಗಳಲ್ಲಿ ಒಂದು. ಮುನ್ನೂರು ವರ್ಷಗಳ ಹಿಂದೆ ಅದರ ವಾಯವ್ಯ ಭಾಗದ ಸ್ಥಿತಿ ಬೇರೆಯೇ ಆಗಿತ್ತು. 1720ರ ದಶಕದಲ್ಲಿ ಈ ಸೀಮೆಯನ್ನು ವರ್ಣಿಸಿದ ಲೇಖಕ ಡೇನಿಯಲ್ ಡೆಫೊ, ಬ್ಯಾಗ್‌ಶಾಟ್ ಬಯಲಿನ ಹಾರುಮರಳನ್ನು ಅರೇಬಿಯದ ಮರುಭೂಮಿಗೆ ಹೋಲಿಸಿದ್ದರು. ಡೆಫೊ ಅವರು ವ್ಯಾಪಾರದಲ್ಲಿ ಒಮ್ಮೆ ದಿವಾಳಿಯಾಗಿದ್ದವರು. ನೆಲದಿಂದ ಏನು ಹುಟ್ಟುತ್ತದೆ, ಏನು ಹುಟ್ಟುವುದಿಲ್ಲ ಎಂಬುದನ್ನು ಅಳೆಯುವ ಕಣ್ಣು ಅವರಿಗಿತ್ತು. ಆ ನೆಲದಲ್ಲಿ ನೀರು ನಿಲ್ಲದು, ಗೊಬ್ಬರ ಹಿಡಿಯದು, ಗೋಧಿ ಬೆಳೆಯದು. ಹೆದರ್ ಎಂಬ ನೇರಳೆ ಹೂವಿನ ಕುರುಚಲು ಗಿಡ ಮತ್ತು ಮುಳ್ಳುಪೊದೆ, ಇಷ್ಟೇ ಅದರ ಉತ್ಪತ್ತಿ. ಇಂಥ ಬಯಲಿಗೆ ಇಂಗ್ಲಿಷರು ಹೀತ್ ಎನ್ನುತ್ತಾರೆ.

ಈ ನೆಲಕ್ಕೆ ಮೊದಲು ಬಂದ ದೊಡ್ಡ ಗಿರಾಕಿ ಒಂದು ಸ್ಮಶಾನದ ಕಂಪನಿ. ಲಂಡನ್ನಿನ ಸ್ಮಶಾನಗಳು ತುಂಬಿ ಹೋಗಿದ್ದ ಕಾಲದಲ್ಲಿ, 1852ರ ಸಂಸತ್ತಿನ ಕಾಯಿದೆಯೊಂದರ ಮೂಲಕ ಸ್ಥಾಪಿತವಾದ ಲಂಡನ್ ನೆಕ್ರೊಪೊಲಿಸ್ ಕಂಪನಿಯು ವೋಕಿಂಗ್ ಬಳಿ 2 ಸಾವಿರ ಎಕರೆಗೂ ಹೆಚ್ಚು ಬಯಲನ್ನು ಖರೀದಿಸಿತು. 1854ರಲ್ಲಿ ಬ್ರೂಕ್‌ವುಡ್ ಸ್ಮಶಾನ ತೆರೆಯಿತು. ಲಂಡನ್ನಿನ ವಾಟರ್ಲೂ ನಿಲ್ದಾಣದ ಪಕ್ಕದಿಂದ ಶವಗಳನ್ನೂ ಬಂಧುಗಳನ್ನೂ ಹೊತ್ತು ಪ್ರತ್ಯೇಕ ರೈಲು ಹೊರಡುತ್ತಿತ್ತು. ಆದರೆ ಕಂಪನಿ ಎಣಿಸಿದಷ್ಟು ಶವಗಳು ಬರಲಿಲ್ಲ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ದಾಸ್ತಾನು ಮಿಕ್ಕಿತು, ಬೇಡಿಕೆ ಸೊರಗಿತು. ಮಿಕ್ಕ ಭೂಮಿಯನ್ನು ಕಂಪನಿ ಮನೆಗಳಿಗೂ ಇತರ ಬಳಕೆಗೂ ಬಿಟ್ಟುಕೊಡತೊಡಗಿತು. 1893ರಲ್ಲಿ ಲಂಡನ್ನಿನ ಕೆಲವು ಬ್ಯಾರಿಸ್ಟರುಗಳು ಸೇರಿ ಈ ಬಯಲಿನಲ್ಲೇ ವೋಕಿಂಗ್ ಗಾಲ್ಫ್ ಕ್ಲಬ್ಬನ್ನು ಆರಂಭಿಸಿದರು. ಸರ್ರೆಯ ಹೀತ್ ಮೈದಾನಗಳ ಪರಂಪರೆ ಮೊದಲಾದದ್ದು ಅಲ್ಲಿಂದ.

ಶವದ ರೈಲಿನ ದರವನ್ನು ಕಾಯಿದೆಯೇ ನಿಗದಿಪಡಿಸಿದ್ದರಿಂದ ಕಂಪನಿಯು ಅದನ್ನು ದಶಕಗಳ ಕಾಲ ಏರಿಸುವಂತಿರಲಿಲ್ಲ. ಬಂಧುಗಳಿಗೆ ಮೊದಲ ದರ್ಜೆಯ ಹೋಗಿಬರುವ ಟಿಕೇಟು 6 ಷಿಲಿಂಗು. ಸಾಮಾನ್ಯ ರೈಲಿನ ದರ ಇದನ್ನು ಮೀರಿ ಏರಿದಾಗ, ಕೆಲವು ಗಾಲ್ಫ್ ಆಟಗಾರರು ಕಪ್ಪು ಉಡುಪು ಧರಿಸಿ, ಸತ್ತವರ ಬಂಧುಗಳಂತೆ ಮುಖ ಮಾಡಿಕೊಂಡು ಈ ರೈಲು ಹತ್ತುತ್ತಿದ್ದರೆಂದು ಹೇಳಲಾಗುತ್ತದೆ. ನಿಯಂತ್ರಿತ ದರವಿದ್ದಲ್ಲಿ ಅನರ್ಹ ಫಲಾನುಭವಿಗಳೂ ಇರುತ್ತಾರೆ ಎಂಬುದಕ್ಕೆ ಪಡಿತರ ಚೀಟಿಯ ಕಾಲದವರೆಗೆ ಕಾಯಬೇಕಿರಲಿಲ್ಲ.

ಬಂಜರಿನ ದೋಷಗಳೇ ಆಟಕ್ಕೆ ಗುಣಗಳಾದ ಬಗೆ ಗಮನಾರ್ಹವಾಗಿದೆ. ಗಾಲ್ಫ್ ಸ್ಕಾಟ್ಲೆಂಡಿನ ಕಡಲತೀರದ ಮರಳುದಿಬ್ಬಗಳಲ್ಲಿ ಬೆಳೆದ ಆಟ. ಲಂಡನ್ನಿನ ಸುತ್ತ ಇದ್ದದ್ದು ಜೇಡಿಮಣ್ಣು; ಚಳಿಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಇಟ್ಟಿಗೆಯಂಥ ಗಟ್ಟಿ. ಸರ್ರೆಯ ಮರಳು ಮಳೆನೀರನ್ನು ಕೂಡಲೇ ಹೀರಿಕೊಂಡು ಕೆಳಗಿಳಿಸುತ್ತದೆ. ಸತ್ವವಿಲ್ಲದ ನೆಲದಲ್ಲಿ ಸೊಂಪಾದ ಹುಲ್ಲು ಬೆಳೆಯದೆ ಸಣ್ಣ ಎಸಳಿನ ಹುಲ್ಲು ಮಾತ್ರ ನಿಲ್ಲುವುದರಿಂದ ಚೆಂಡು ಸಲೀಸಾಗಿ ಉರುಳುತ್ತದೆ. ಜನವರಿಯಲ್ಲೂ ಆಡಬಹುದು. ವರ್ಷದಲ್ಲಿ ನಾಲ್ಕು ತಿಂಗಳು ಯಂತ್ರ ನಿಲ್ಲುವ ಕಾರ್ಖಾನೆಗೂ ಹನ್ನೆರಡು ತಿಂಗಳು ಓಡುವ ಕಾರ್ಖಾನೆಗೂ ಇರುವ ವ್ಯತ್ಯಾಸವೇ ಇದು.

ವೋಕಿಂಗ್ ಕ್ಲಬ್ಬಿನ ನಾಲ್ಕನೆಯ ಕುಳಿ ರೈಲುಹಾದಿಯ ಪಕ್ಕದಲ್ಲಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಾನ್ ಲೋ ಮತ್ತು ಸ್ಟುವರ್ಟ್ ಪೇಟನ್ ಎಂಬ ಇಬ್ಬರು ಸದಸ್ಯರು ಅಲ್ಲಿ ಹುಲ್ಲುಹಾದಿಯ ನಟ್ಟನಡುವೆ ಬಂಕರ್ ಎಂಬ ಮರಳುಗುಳಿ ತೋಡಿಸಿದರು. ನೇರವಾಗಿ ಹೊಡೆದವನಿಗೂ ಶಿಕ್ಷೆಯೇ ಎಂದು ಇತರರು ಸಿಟ್ಟಾದರು. ಎಷ್ಟು ಅಪಾಯಕ್ಕೆ ಎಷ್ಟು ಲಾಭ ಎಂದು ಆಟಗಾರನೇ ಲೆಕ್ಕ ಹಾಕಲಿ ಎಂಬುದು ಆ ಇಬ್ಬರ ವಾದ. ಮೈದಾನ ವಿನ್ಯಾಸಕರು ಆ ಗುಳಿಯನ್ನು ಇಂದಿಗೂ ಪಾಠವಾಗಿ ನೋಡುತ್ತಾರೆ.

ನಂತರದ ಹೆಸರುಗಳು ಬೇಗನೆ ಬಂದವು. ಬರ್ಕ್‌ಷೈರ್ ಗಡಿಯ ಸನ್ನಿಂಗ್‌ಡೇಲ್‌ನ ಹಳೆಯ ಮೈದಾನ 1901ರದು. 1926ರಲ್ಲಿ ಅಮೆರಿಕದ ಬಾಬಿ ಜೋನ್ಸ್ ಅಲ್ಲಿ 66 ಹೊಡೆತಗಳಲ್ಲಿ ಒಂದು ಸುತ್ತು ಮುಗಿಸಿದರು. ಮೊದಲ ಒಂಬತ್ತು ಕುಳಿಗಳಿಗೆ 33, ಉಳಿದ ಒಂಬತ್ತಕ್ಕೆ 33. ಎರಡೂ ಬದಿ ತಾಳೆಯಾಗುವ ಅಡಾವೆ ಪತ್ರಿಕೆಯಂತೆ. ವಾಲ್ಟನ್ ಹೀತ್‌ನಲ್ಲಿ ಐದು ಬಾರಿ ಓಪನ್ ಗೆದ್ದ ಜೇಮ್ಸ್ ಬ್ರೇಡ್ 1904ರಿಂದ 1950ರಲ್ಲಿ ತೀರಿಕೊಳ್ಳುವ ತನಕ ವೃತ್ತಿಪರ ಶಿಕ್ಷಕರಾಗಿದ್ದರು. ಲಾಯ್ಡ್ ಜಾರ್ಜ್, ಚರ್ಚಿಲ್ ಅಂಥವರು ಅಲ್ಲಿನ ಸದಸ್ಯರಾಗಿದ್ದರು.

ಉದ್ಯಮಿಯ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದ ಹೆಸರು ವಾಲ್ಟರ್ ಜಾರ್ಜ್ ಟ್ಯಾರಂಟ್. ಬೈಫ್ಲೀಟ್‌ನಲ್ಲಿ ಕಟ್ಟಡ ಗುತ್ತಿಗೆದಾರರಾಗಿದ್ದ ಇವರು ಇಟ್ಟಿಗೆ ಗೂಡು, ಮರಗೆಲಸದ ಕಾರ್ಖಾನೆ ಇತ್ಯಾದಿಗಳನ್ನು ತಾವೇ ನಡೆಸುತ್ತಿದ್ದರು. 1911ರಲ್ಲಿ ವೇಬ್ರಿಡ್ಜ್ ಬಳಿಯ ಸೇಂಟ್ ಜಾರ್ಜ್ಸ್ ಹಿಲ್ ಎಂಬ ಗುಡ್ಡದಲ್ಲಿ ಸುಮಾರು 960 ಎಕರೆ ಕೊಂಡರು. ಮನೆ ಕಟ್ಟಿ ಮಾರುವುದು ಅವರ ವ್ಯಾಪಾರ. ಗಾಲ್ಫ್ ಮೈದಾನ ಗಿರಾಕಿಯನ್ನು ಸೆಳೆಯುವ ಸರಕು. ವಕೀಲಿ ಬಿಟ್ಟು ವಿನ್ಯಾಸಕರಾದ ಹ್ಯಾರಿ ಕೋಲ್ಟ್ ಅವರಿಂದ ರೂಪಿಸಿದ ಮೈದಾನ 1913ರಲ್ಲಿ ತೆರೆಯಿತು.

ಅದೇ ಗುಡ್ಡದ ಹಿಂದಿನ ಚರಿತ್ರೆ ಕುತೂಹಲಕರವಾಗಿದೆ. 1649ರ ಏಪ್ರಿಲ್‌ನಲ್ಲಿ ಜೆರಾರ್ಡ್ ವಿನ್‌ಸ್ಟನ್ಲಿ ಮತ್ತು ಸಂಗಡಿಗರು ಇಲ್ಲಿನ ಸಾರ್ವಜನಿಕ ಬಯಲನ್ನು ಅಗೆದು ಅವರೆ, ಗಜ್ಜರಿ ಬಿತ್ತಿದರು; ಭೂಮಿ ಎಲ್ಲರ ಸ್ವತ್ತು ಎಂದು ಸಾರಿದರು. ವಿನ್‌ಸ್ಟನ್ಲಿ ಲಂಡನ್ನಿನ ಬಟ್ಟೆ ವ್ಯಾಪಾರಿ. ಅಂತರ್ಯುದ್ಧದ ಕಾಲದಲ್ಲಿ, 1643ರಲ್ಲಿ, ದಿವಾಳಿಯಾಗಿದ್ದವರು. ಕೆಲವೇ ತಿಂಗಳಲ್ಲಿ ಊರಿನ ಜಮೀನ್ದಾರರು ಅವರನ್ನು ಓಡಿಸಿದರು. ಈಗ ಆ ಗುಡ್ಡಕ್ಕೆ ಗೇಟು, ಕಾವಲುಗಾರ. ಒಳಗೆ ಕೋಟ್ಯಧೀಶರ ಬಂಗಲೆಗಳು.

ಮೊದಲ ಮಹಾಯುದ್ಧದಲ್ಲಿ ಟ್ಯಾರಂಟ್ ಸೈನ್ಯಕ್ಕೆ ಬಿಡಿಭಾಗಗಳಿಂದ ಜೋಡಿಸುವ ಮರದ ಗುಡಿಸಲುಗಳನ್ನು ಪೂರೈಸಿದರು. ಭಾರಿ ಬಾಂಬರ್ ವಿಮಾನವನ್ನೂ ನಿರ್ಮಿಸಿದರು. 1919ರ ಮೇ ತಿಂಗಳಲ್ಲಿ ಮೊದಲ ಹಾರಾಟದ ಯತ್ನದಲ್ಲೇ ಅದು ಮುಗ್ಗರಿಸಿ ಇಬ್ಬರು ಪೈಲಟ್‌ಗಳು ಮೃತಪಟ್ಟರು. ಆಮೇಲೆ 1920ರ ದಶಕದಲ್ಲಿ ಅದೇ ಮಾದರಿಯನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ವೆಂಟ್‌ವರ್ತ್‌ನಲ್ಲಿ ಕೈಗೊಂಡರು. ಕೋಲ್ಟ್ ಅವರ ವಿನ್ಯಾಸದಲ್ಲಿ 1924ರಲ್ಲಿ ಈಸ್ಟ್, 1926ರಲ್ಲಿ ವೆಸ್ಟ್ ಮೈದಾನಗಳು ಸಿದ್ಧವಾದವು. ಆದರೆ ಸಾಲದ ಹಣದಲ್ಲಿ ಭೂಮಿ ಕೊಂಡು, ಮನೆ ಮಾರಾಟದಿಂದ ತೀರಿಸುವ ಲೆಕ್ಕ 1929ರ ನಂತರದ ಆರ್ಥಿಕ ಕುಸಿತದಲ್ಲಿ ತಪ್ಪಿತು. ಆಸ್ತಿಯ ಮೌಲ್ಯ ಇತ್ತು, ಕೈಯಲ್ಲಿ ನಗದು ಇರಲಿಲ್ಲ. ವೆಂಟ್‌ವರ್ತ್ ಟ್ಯಾರಂಟ್ ಅವರ ಕೈತಪ್ಪಿತು.

ಇದೇ ವೆಂಟ್‌ವರ್ತ್‌ನಲ್ಲಿ 1926ರಲ್ಲಿ ನಡೆದ ಬ್ರಿಟನ್–ಅಮೆರಿಕ ಪಂದ್ಯವು ರೈಡರ್ ಕಪ್ಪಿನ ಮುನ್ನುಡಿ. ಅದಕ್ಕೆ ತನ್ನ ಹೆಸರು ಕೊಟ್ಟ ಸ್ಯಾಮ್ಯುಯೆಲ್ ರೈಡರ್ ತರಕಾರಿ, ಹೂವಿನ ಬೀಜಗಳನ್ನು ಒಂದು ಪೆನ್ನಿಯ ಪೊಟ್ಟಣಗಳಲ್ಲಿ ಅಂಚೆಯ ಮೂಲಕ ಮಾರಿ ಶ್ರೀಮಂತರಾದ ವರ್ತಕರು.

ಇತ್ತೀಚಿನ ಅಧ್ಯಾಯ ಇನ್ನಷ್ಟು ಚಿಂತನಾರ್ಹ. 2004ರಲ್ಲಿ 13 ಕೋಟಿ ಪೌಂಡಿಗೆ ಮಾರಾಟವಾಗಿದ್ದ ವೆಂಟ್‌ವರ್ತ್ ಕ್ಲಬ್ಬನ್ನು 2014ರಲ್ಲಿ ರೈನ್‌ವುಡ್ ಎಂಬ ಚೀನೀ ಮೂಲದ ಸಮೂಹವು 13.5 ಕೋಟಿ ಪೌಂಡಿಗೆ ಕೊಂಡಿತು. ಹತ್ತು ವರ್ಷಗಳಲ್ಲಿ ಇಷ್ಟೇ ಏರಿಕೆ ಎಂದರೆ, ಹಣದುಬ್ಬರ ಕಳೆದು ನೋಡಿದಾಗ, ಮಾರಿದವರಿಗೆ ನೆಲದ ಮೇಲೆ ಲಾಭವೇನೂ ಉಳಿಯಲಿಲ್ಲ. ಹೊಸ ಮಾಲೀಕರು 2015ರಲ್ಲಿ ಸದಸ್ಯರ ಸಂಖ್ಯೆಯನ್ನು 888ಕ್ಕೆ ಇಳಿಸುವ, ಪ್ರತಿಯೊಬ್ಬರಿಂದ 1 ಲಕ್ಷ ಪೌಂಡಿನ ಡಿಬೆಂಚರು ಪಡೆಯುವ, ವಾರ್ಷಿಕ ಚಂದಾವನ್ನು ಸುಮಾರು ಇಮ್ಮಡಿಗೊಳಿಸುವ ಯೋಜನೆ ಪ್ರಕಟಿಸಿದರು. ದಶಕಗಳಿಂದ ಅಲ್ಲಿ ಆಡಿದವರು ಕಂಗಾಲಾದರು. ಸುತ್ತಲಿನ ಮನೆಗಳವರು 1964ರ ವೆಂಟ್‌ವರ್ತ್ ಎಸ್ಟೇಟ್ ಕಾಯಿದೆಯನ್ನು ಮುಂದಿಟ್ಟುಕೊಂಡು ಕಾನೂನು ಹೋರಾಟಕ್ಕೆ ಇಳಿದರು. 2016ರ ಕೊನೆಗೆ ವಿವಾದ ರಾಜಿಯಲ್ಲಿ ಮುಗಿಯಿತು.

ಪ್ರಶ್ನೆ ಸರಳವಾದದ್ದು: ಕ್ಲಬ್ಬಿನ ಸದಸ್ಯನು ಒಡೆಯನೋ ಗಿರಾಕಿಯೋ? ವೋಕಿಂಗ್‌ನಂಥ ಸದಸ್ಯರ ಕ್ಲಬ್ಬಿನಲ್ಲಿ ಅವನು ಒಡೆಯ. ಮಾಲೀಕರ ಕ್ಲಬ್ಬಿನಲ್ಲಿ ಎಷ್ಟೇ ವರ್ಷ ಚಂದಾ ಕಟ್ಟಿದರೂ ಗಿರಾಕಿಯೇ. ತೆರಿಗೆಯೂ ಈ ಭೇದವನ್ನು ಗುರುತಿಸುತ್ತದೆ. ಬ್ರಿಟನ್ನಿನಲ್ಲಿ ಲಾಭದ ಉದ್ದೇಶವಿಲ್ಲದ ಸದಸ್ಯರ ಕ್ರೀಡಾ ಕ್ಲಬ್ಬುಗಳ ಆಟದ ಚಂದಾಕ್ಕೆ ವ್ಯಾಟ್ ವಿನಾಯಿತಿ ಇದೆ. ವಾಣಿಜ್ಯ ಕ್ಲಬ್ಬುಗಳು ಶೇ. 20 ಸೇರಿಸಬೇಕು. ಆದಾಯ ತೆರಿಗೆಯಲ್ಲಿ, ಸದಸ್ಯರು ತಮ್ಮೊಳಗೆ ಕೂಡಿಟ್ಟ ಹಣ ಲಾಭವಲ್ಲ, ಹೊರಗಿನವರಿಂದ ಬಂದದ್ದು ಲಾಭ ಎಂಬ ಪರಸ್ಪರತೆಯ ತತ್ವವನ್ನು 1913ರಲ್ಲಿ ಕಾರ್ಲೈಲ್ ಮತ್ತು ಸಿಲ್ಲೋತ್ ಗಾಲ್ಫ್ ಕ್ಲಬ್ಬಿನ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಅನ್ವಯಿಸಿತು. ಇಂಗ್ಲಿಷ್ ಕಾನೂನಿನಿಂದ ಬಂದ ಅದೇ ತತ್ವದ ಮೇರೆಯನ್ನು 2013ರಲ್ಲಿ ಬೆಂಗಳೂರು ಕ್ಲಬ್ಬಿನ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಗುರುತಿಸಿ, ಸದಸ್ಯ ಬ್ಯಾಂಕುಗಳಲ್ಲಿಟ್ಟ ಠೇವಣಿಯ ಬಡ್ಡಿಗೆ ತೆರಿಗೆ ಸಲ್ಲುತ್ತದೆ ಎಂದಿತು.

ಹಳೆಯ ಜಮೀನ್ದಾರಿ ಉದ್ಯಾನಗಳಲ್ಲಿ ಮೂಡಿದ ಪಾರ್ಕ್‌ಲ್ಯಾಂಡ್ ಮೈದಾನಗಳೂ ಸರ್ರೆಯಲ್ಲಿವೆ. ಓಕ್ ಮರಗಳ ನೆರಳು, ದಟ್ಟ ಹುಲ್ಲು, ನಡುವೆ ಬಂಗಲೆ. 1907ರ ಬರ್‌ಹಿಲ್ ಇದಕ್ಕೆ ಒಳ್ಳೆಯ ನಿದರ್ಶನ. 1965ರವರೆಗೆ ಸರ್ರೆಗೆ ಸೇರಿದ್ದ ರಿಚ್ಮಂಡ್ ಕ್ಲಬ್ಬು 1940ರಲ್ಲಿ ಜರ್ಮನ್ ದಾಳಿಯ ನಡುವೆ ಹೊರಡಿಸಿದ ತಾತ್ಕಾಲಿಕ ನಿಯಮಗಳು ಪ್ರಸಿದ್ಧ. ಬಾಂಬು ಸಿಡಿದು ಹೊಡೆತ ಕೆಟ್ಟರೆ ಇನ್ನೊಮ್ಮೆ ಹೊಡೆಯಬಹುದಿತ್ತು, ಆದರೆ ಒಂದು ಹೊಡೆತದ ದಂಡ ತೆರಬೇಕಿತ್ತು. ನೋಡಲು ಅಂದವಾದರೂ, ಜೇಡಿಮಣ್ಣಿನ ಮೇಲಿರುವ ಪಾರ್ಕ್‌ಲ್ಯಾಂಡ್ ಮೈದಾನಗಳು ಚಳಿಗಾಲದ ಕೆಸರಿನಲ್ಲಿ ಹೀತ್ ಮೈದಾನಗಳಿಗೆ ಸರಿಸಾಟಿಯಲ್ಲ.

ಆದರೆ ಹೀತ್ ತಾನಾಗಿ ಉಳಿಯುವ ಆಸ್ತಿಯಲ್ಲ. ಹಿಂದೆ ಹಳ್ಳಿಯವರ ಕುರಿ, ದನ ಮೇಯ್ದು, ಉರುವಲು ಕಡಿದು ಅದು ಬಯಲಾಗಿ ಉಳಿದಿತ್ತು. ಮೇವು ನಿಂತ ಮೇಲೆ ಬರ್ಚ್, ಪೈನ್ ಮರಗಳು ಹಬ್ಬಿ ಹೆದರ್ ಸಾಯುತ್ತದೆ. 1800ರಿಂದ ಈಚೆಗೆ ಇಂಗ್ಲೆಂಡಿನ ತಗ್ಗುಪ್ರದೇಶದ ಹೀತ್‌ನ ಶೇ. 80ಕ್ಕೂ ಹೆಚ್ಚು ಭಾಗ ನಾಶವಾಗಿದೆ. ಉಳಿದ ತುಣುಕುಗಳಲ್ಲಿ ಹಲವು ಗಾಲ್ಫ್ ಮೈದಾನಗಳ ಒಳಗಿವೆ. ಆದಕಾರಣ ಕ್ಲಬ್ಬುಗಳು ಖರ್ಚು ಮಾಡಿ ಮರ ಕಡಿಸುತ್ತಿವೆ. ಮರ ಕಡಿಯುವುದು ಪರಿಸರ ರಕ್ಷಣೆ ಎಂದು ನೆರೆಯವರಿಗೆ ಒಪ್ಪಿಸುವುದು ಅವುಗಳ ಕಾರ್ಯದರ್ಶಿಗಳಿಗೆ ಸುಲಭದ ಕೆಲಸವಲ್ಲ. 2005ರಲ್ಲಿ ಸರ್ರೆ ಮತ್ತು ನೆರೆಯ ಕೌಂಟಿಗಳ ಹೀತ್ ಪ್ರದೇಶಗಳನ್ನು ನೈಟ್‌ಜಾರ್, ವುಡ್‌ಲಾರ್ಕ್, ಡಾರ್ಟ್‌ಫೋರ್ಡ್ ವಾರ್ಬ್ಲರ್ ಎಂಬ ಮೂರು ಹಕ್ಕಿಗಳಿಗಾಗಿ ವಿಶೇಷ ಸಂರಕ್ಷಣಾ ವಲಯವೆಂದು ಘೋಷಿಸಲಾಯಿತು. ಆ ವಲಯದಿಂದ 400 ಮೀಟರಿನೊಳಗೆ ಹೊಸ ಮನೆಗಳಿಗೆ ಈಗ ಸಾಮಾನ್ಯವಾಗಿ ಅನುಮತಿ ದೊರೆಯುವುದಿಲ್ಲ.